ಹೊಳೆಯ ಹೂಳು, ಕಡಲ ಹವಳ

ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ನದಿಯನ್ನು ಕಂಡವರಿಗೆ, ಅಷ್ಟು ಮಣ್ಣು ಕಡೆಗೆ ಎಲ್ಲಿ ಹೋಗಿ ನಿಲ್ಲುವುದೆಂಬ ಪ್ರಶ್ನೆ ಏಳದಿರದು. ಹರಿವಿಗೆ ವೇಗವಿರುವವರೆಗೆ ನೀರು ಮಣ್ಣನ್ನು ಹೊತ್ತು ಸಾಗುತ್ತದೆ. ಕಡಲನ್ನು ಮುಟ್ಟಿ ವೇಗ ಕುಂದಿದೊಡನೆ ದಪ್ಪ ಮರಳು ಅಳಿವೆಯಲ್ಲಿಯೇ ತಂಗುತ್ತದೆ. ನುಣ್ಣನೆಯ ಜೇಡಿಯ ಕಣಗಳು ಮುಂದೆ ತೇಲಿಹೋದರೂ, ಉಪ್ಪುನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಅಲೆಗಳ ಹೊಡೆತ ಕಡಿಮೆಯಿರುವ ಕೊಲ್ಲಿಗಳಲ್ಲಿ ಈ ಕೆಸರು ಪದರಪದರವಾಗಿ ಶೇಖರವಾಗುತ್ತದೆ.

ನಮ್ಮ ಕರಾವಳಿಯ ಬಂಧುಗಳಿಗೆ ಇದು ಹೊಸ ಮಾತಲ್ಲ. ನೇತ್ರಾವತಿ, ಗುರುಪುರ ನದಿಗಳು ಕೂಡುವ ಮಂಗಳೂರಿನ ಅಳಿವೆಯಲ್ಲಿ ಮರಳದಿಣ್ಣೆಗಳ ಕಾಟದಿಂದ ಹಳೆಯ ಬಂದರಿನೊಳಕ್ಕೆ ದೊಡ್ಡ ಹಡಗುಗಳು ಬರಲಾಗುತ್ತಿರಲಿಲ್ಲ. ಅಂಥ ಹಡಗುಗಳಿಗೆಂದು ಪಣಂಬೂರಿನಲ್ಲಿ ನೆಲವನ್ನಗೆದು ಹೊಸ ಬಂದರನ್ನು ನಿರ್ಮಿಸಲಾಯಿತು. 1974ರಲ್ಲಿ ಅದು ಪ್ರಧಾನ ಬಂದರೆಂದು ಘೋಷಿತವಾಯಿತು. ಅಲ್ಲಿಯೂ ಹೂಳೆತ್ತುವ ಕೆಲಸ ತಪ್ಪಿಲ್ಲ.

ಹವಳಕ್ಕಾದರೋ ಹೂಳು ಪ್ರಾಣಕಂಟಕ. ಹವಳವೆಂಬುದು ಸುಣ್ಣದ ಗೂಡು ಕಟ್ಟಿಕೊಂಡು ಬಾಳುವ ಸಣ್ಣ ಜೀವಿಗಳ ಸಮೂಹ. ಅವುಗಳ ಒಡಲಲ್ಲಿರುವ ಪಾಚಿಯು ಬಿಸಿಲಿನ ಬಲದಿಂದ ಅವಕ್ಕೆ ಆಹಾರ ಒದಗಿಸುತ್ತದೆ. ನೀರು ಕದಡಿದರೆ ಬೆಳಕು ತಪ್ಪುತ್ತದೆ. ಹೂಳು ಮೈಮೇಲೆ ಕುಳಿತರೆ ಉಸಿರು ಕಟ್ಟುತ್ತದೆ. ಕೆಸರು ಮುಚ್ಚಿದ ಬಂಡೆಯಲ್ಲಿ ಮರಿಹವಳಕ್ಕೆ ನೆಲೆ ಸಿಕ್ಕದು. ನದಿಗಳ ಬಾಯಲ್ಲಿ ಕಾಣದ ಹವಳವು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಬೆಳೆದಿರುವುದರ ಮರ್ಮಗಳಲ್ಲಿ ಇದೂ ಒಂದು.

ಪೂರ್ವಕ್ಕೆ ನೋಡಿದರೆ ಕಥೆ ತಿರುಗುಮುರುಗು. ಆಲಂಪುರದ ಬಳಿ ತುಂಗಭದ್ರೆಯನ್ನೂ, ವಾಡಪಲ್ಲಿಯ ಬಳಿ ನಮ್ಮ ಹೈದರಾಬಾದಿನ ಮೂಸಿಯನ್ನೂ ಕೂಡಿಕೊಂಡು ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಆದರೆ ಮಣ್ಣಿನ ಬಹುಪಾಲು ಅಣೆಕಟ್ಟುಗಳಲ್ಲಿಯೇ ತಂಗುತ್ತಿದೆ. ಅಂದಿನ ಹೈದರಾಬಾದ್ ಮತ್ತು ಮದರಾಸು ಸರಕಾರಗಳು ಕೂಡಿ 1945ರಲ್ಲಿ ಅಡಿಗಲ್ಲಿಟ್ಟ ತುಂಗಭದ್ರಾ ಜಲಾಶಯವು 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, 2016ರ ಅಳತೆಯಂತೆ ಅದು 106ರಷ್ಟಕ್ಕೆ ಇಳಿದಿದೆ. ಉಳಿದ ಜಾಗವೆಲ್ಲ ಹೂಳಿನ ಪಾಲು. ಕೊಪ್ಪಳ, ರಾಯಚೂರು, ಬಳ್ಳಾರಿಗಳ ರೈತನು ಎರಡನೆಯ ಬೆಳೆಗೆ ನೀರು ಸಾಲದೆ ಪರಿತಪಿಸುವ ವರ್ಷಗಳುಂಟು. ಅತ್ತ ಆ ಮಣ್ಣನ್ನೇ ನಂಬಿದ್ದ ಕೃಷ್ಣೆಯ ಮುಖಜಭೂಮಿಯ ಅಂಚನ್ನು ಕಡಲು ಅಲ್ಲಲ್ಲಿ ಕೊರೆಯುತ್ತಿದೆ.

ಹೀಗೆ ಒಂದೆಡೆ ಹೂಳು ಹೆಚ್ಚಾಗಿ ಕೇಡು, ಇನ್ನೊಂದೆಡೆ ಸಾಲದೆ ಕೇಡು. ಮಲೆಯ ಕಾಡನ್ನೂ ಹೊಲದ ಬದುವನ್ನೂ ಕಾಯ್ದುಕೊಂಡರೆ ಜಲಾಶಯದ ಆಯುಸ್ಸು ಹೆಚ್ಚೀತು. ಅಳಿವೆಯ ಕಾಂಡ್ಲಾ ಗಿಡಗಳನ್ನು ಕಡಿಯದೆ ಬಿಟ್ಟರೆ, ಬಂದಷ್ಟು ಕೆಸರನ್ನಾದರೂ ಅವುಗಳ ಬೇರು ಹಿಡಿದಿಟ್ಟು ದಡವನ್ನು ಕಾದೀತು. ಊರಿಗೆ ಹೋದಾಗ ನಮ್ಮ ಓದುಗರು ತಮ್ಮ ಮನೆಯ ರೈತರೊಡನೆ ಈ ಮಾತನ್ನು ಪ್ರಸ್ತಾಪಿಸುವುದು ಒಳ್ಳೆಯದು.