ಉಬ್ಬುವ ರೊಟ್ಟಿಯ ಒಳಗುಟ್ಟು

ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿನಲ್ಲಿ ನಸುಕಿನ ಹೊತ್ತು ಓಣಿಯೊಳಗೆ ನಡೆದು ಹೋದರೆ ಯಾವ ಮನೆಯಲ್ಲಿ ರೊಟ್ಟಿ, ಯಾವ ಮನೆಯಲ್ಲಿ ಚಪಾತಿ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ರೊಟ್ಟಿಗೆ ಸದ್ದಿದೆ, ಚಪಾತಿಗೆ ಇಲ್ಲ. ಈ ಸದ್ದು ಈಗ ಮೊದಲಿನಷ್ಟು ಮನೆಗಳಿಂದ ಕೇಳಿಬರುವುದಿಲ್ಲ. ಎರೆ ಹೊಲಕ್ಕೆ ನೀರಾವರಿ ಬಂದಲ್ಲೆಲ್ಲ ಕಬ್ಬು, ಗೋವಿನಜೋಳ ಬಂದವು. ಹಿಂಗಾರಿ ಬಿಳಿಜೋಳ ಹಿಂದೆ ಸರಿಯಿತು. ಜೋಳ ಬೇಕೆಂದರೆ ಸಂತೆಯಲ್ಲಿ ಕೊಳ್ಳಬಹುದು. ಆದರೆ ರೊಟ್ಟಿ ಬಡಿಯುವ ಕೈಯನ್ನು ಕೊಳ್ಳಲಾಗುವುದಿಲ್ಲ. ಅದು ಅವ್ವನಿಂದ ಮಗಳಿಗೆ ಬರಬೇಕು. ಮಗನಿಗೂ ಬಂದರೆ ಯಾರಿಗೇನು ನಷ್ಟ?

ಚಪಾತಿ ಲಟ್ಟಿಸುವುದನ್ನು ಯಾರಾದರೂ ಎಂಟು-ಹತ್ತು ದಿನಗಳಲ್ಲಿ ಕಲಿಯುತ್ತಾರೆ. ರೊಟ್ಟಿ ಹಾಗಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಮೊದಲ ಸಲ ಬಡಿಯಲು ಕುಳಿತರೆ ಅಂಚು ಸೀಳುತ್ತದೆ, ಎತ್ತುವಾಗ ನಡುವೆ ಹರಿಯುತ್ತದೆ, ಹಂಚಿನ ಮೇಲೆ ಬೀಳುವುದು ಯಾವುದೋ ದೇಶದ ನಕಾಶೆ. ‘ಎಸರು ಕಾಯ್ಲಿಲ್ಲ, ಅವಸರ ಮಾಡಿದಿ’ ಎಂದು ಆಯಿ ಒಲೆಯ ಹತ್ತಿರ ಕುಳಿತೇ ತೀರ್ಪು ಕೊಡುತ್ತಾಳೆ. ಆಯಿ ಹೇಳಿದ್ದು ಶುದ್ಧ ರಸಾಯನಶಾಸ್ತ್ರ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಮುಷ್ಟಿ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ತಾಸು ಬಿಟ್ಟು, ಬೋಗುಣಿಯ ನೀರಿನಲ್ಲಿ ಹಿಚುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿಗಿಳಿದು, ಕೈಯಲ್ಲಿ ರಬ್ಬರಿನಂತೆ ಎಳೆದರೆ ಹಿಗ್ಗುವ ಒಂದು ಉಂಡೆ ಉಳಿಯುತ್ತದೆ. ಅದೇ ಗ್ಲೂಟೆನ್. ಗೋಧಿಯ ಎರಡು ಬಗೆಯ ಪ್ರೋಟೀನುಗಳು ನೀರು ತಾಗಿದಾಗ ಒಂದಕ್ಕೊಂದು ಹೆಣೆದುಕೊಂಡು ಆಗುವ ಬಲೆ ಇದು. ಈಗ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹಾಗೆಯೇ ತೊಳೆಯಿರಿ. ಕೈಯಲ್ಲಿ ಏನೂ ಉಳಿಯುವುದಿಲ್ಲ. ಜೋಳದಲ್ಲಿ ಪ್ರೋಟೀನು ಇಲ್ಲವೆಂದಲ್ಲ, ನೂರು ಗ್ರಾಂಗೆ ಸುಮಾರು 10 ಗ್ರಾಂ ಇದೆ. ಆದರೆ ಅದರಲ್ಲಿ ಹೆಚ್ಚಿನದು ಕಾಫಿರಿನ್ ಎಂಬ ಬಗೆ. ಅದು ನೀರಿಗೆ ಒಲಿಯುವುದಿಲ್ಲ, ಬಲೆ ಹೆಣೆಯುವುದಿಲ್ಲ. ಗ್ಲೂಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ವೈದ್ಯರು ಗೋಧಿ ಬಿಡಿಸಿದಾಗ ಜೋಳ ನೆರವಿಗೆ ಬರುವುದು ಇದೇ ಕಾರಣದಿಂದ.

ಬಲೆ ಇಲ್ಲದ ಹಿಟ್ಟನ್ನು ಹಿಡಿದಿಡುವುದು ಯಾವುದು? ಎಸರು. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಮರಳಿನಂತೆ ಬಿಡಿಬಿಡಿಯಾಗಿರುತ್ತವೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ನೀರು ಹೀರಿ ಉಬ್ಬಿ, ಒಡೆದು, ಅಂಟಾಗುತ್ತವೆ. ಗೋಡೆಗೆ ಕಾಗದ ಹಚ್ಚಲು ಮೈದಾ ಕುದಿಸಿ ಸರಿ ಮಾಡುವುದಿಲ್ಲವೇ, ಅದೇ ಕ್ರಿಯೆ. ಕುದಿಯುವ ಎಸರು ಹಿಟ್ಟಿನ ಒಂದು ಪಾಲನ್ನು ಅಂಟು ಮಾಡುತ್ತದೆ, ಆ ಅಂಟು ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಈ ಶಕ್ತಿಯಿಲ್ಲ.

ಎರಡು ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಒಂದೂವರೆ ಲೋಟ ನೀರು, ಬೇಕಿದ್ದರೆ ಚಿಟಿಕೆ ಉಪ್ಪು. ನೀರು ಕುದಿದು ತೆಳ್ಳಬೇಕು. ಹಿಟ್ಟಿನ ನಡುವೆ ಗುಳಿ ಮಾಡಿ, ನೀರನ್ನು ಒಮ್ಮೆಲೇ ಸುರಿಯದೆ ಮುಕ್ಕಾಲು ಪಾಲು ಹಾಕಿ ಚಮಚೆಯಿಂದ ತಿರುವಿ, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಐದು ನಿಮಿಷ ನಾದಬೇಕು. ಉಳಿದ ನೀರು ಬೇಕಾದಷ್ಟೇ. ಒಂದು ರೊಟ್ಟಿಗಾಗುವಷ್ಟು ಹಿಟ್ಟನ್ನು ಮತ್ತೊಮ್ಮೆ ನಾದಿ, ಕೆಳಗೆ ಒಣಹಿಟ್ಟು ಉದುರಿಸಿ, ತಿರುಗಿಸುತ್ತ ಬಡಿಯಬೇಕು. ಕಾದ ಹಂಚಿಗೆ ಹಾಕುವಾಗ ಒಣಹಿಟ್ಟಿನ ಬದಿ ಮೇಲಿರಲಿ. ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಬೇಕು.

ಈ ನೀರು ಸವರುವುದನ್ನು ಹೊಸಬರು ಶಾಸ್ತ್ರಕ್ಕೆ ಮಾಡುತ್ತಾರೆ. ಅಲ್ಲಿಯೇ ರೊಟ್ಟಿ ಕೆಡುವುದು. ಸವರಿದ ನೀರು ಮೇಲಿನ ಹಿಟ್ಟನ್ನು ಅಂಟಾಗಿಸಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ನೀರು ಆರುವ ಮುಂಚೆಯೇ ಮಗುಚಿದರೆ ಹಂಚಿಗೆ ಹಿಡಿಯುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಬಿರಿಯುತ್ತದೆ. ಸರಿಯಾಗಿ ಮಗುಚಿದಾಗ ಎರಡೂ ಕಡೆ ಸೋರದ ಪದರವಾಗುತ್ತದೆ. ನಡುವೆ ಸಿಕ್ಕಿಬಿದ್ದ ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಅದರ ಗಾತ್ರ 1600 ಪಟ್ಟಿಗೂ ಹೆಚ್ಚು. ಹೋಗಲು ದಾರಿಯಿಲ್ಲದ ಆ ಆವಿಯೇ ರೊಟ್ಟಿಯನ್ನು ಉಬ್ಬಿಸುತ್ತದೆ. ಸೋಡಾ ಇಲ್ಲ, ಹುಳಿ ಇಲ್ಲ. ಸೂಜಿಯಷ್ಟು ತೂತು ಬಿದ್ದರೂ ಉಬ್ಬು ಇಲ್ಲ.

ಹಿಟ್ಟು ಹೊಸದಾಗಿರಲಿ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆ ಇದೆ; ಬೀಸಿದ ಮೇಲೆ ಅದು ಗಾಳಿಗೆ ತೆರೆದುಕೊಂಡು ಕ್ರಮೇಣ ಕಹಿಯಾಗುತ್ತದೆ. ಹಳೆಯ ಹಿಟ್ಟಿನ ರೊಟ್ಟಿ ಅಂಚು ಬಿರಿಯುತ್ತದೆಂಬುದು ಬಡಿಯುವವರೆಲ್ಲರ ಅನುಭವ. ವಾರಕ್ಕಾಗುವಷ್ಟೇ ಬೀಸಿಸುವುದು ಜಾಣತನ.

ಗ್ಲೂಟೆನ್ ಇಲ್ಲದೆ ರೊಟ್ಟಿ ಮಾಡುವ ವಿದ್ಯೆ ನಮ್ಮದೊಂದೇ ಅಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಮರಗೆಣಸಿನಿಂದ ‘ಕಸಾಬೆ’ ಎಂಬ ತೆಳು ರೊಟ್ಟಿ ಮಾಡುತ್ತಿದ್ದರು, ಇಂದಿಗೂ ಮಾಡುತ್ತಾರೆ. ಗೆಡ್ಡೆಯನ್ನು ತುರಿದು, ರಸವನ್ನೆಲ್ಲ ಹಿಂಡಿ ತೆಗೆದು, ಒಣಗಿದ ಪುಡಿಯನ್ನು ಅಗಲವಾದ ಹಂಚಿನ ಮೇಲೆ ಹರಡಿ ಬೇಯಿಸುವುದು ಕ್ರಮ. ಹಿಂಡುವುದು ರುಚಿಗಾಗಿ ಅಲ್ಲ, ಜೀವ ಉಳಿಯಲೆಂದು. ಕಹಿ ಮರಗೆಣಸಿನ ರಸದಿಂದ ಸಯನೈಡ್ ಹೊರಡುತ್ತದೆ. (ಎಳೆಯ ಜೋಳದ ಪೈರಿನಲ್ಲಿಯೂ ಇದೇ ಜಾತಿಯ ವಿಷವಿದೆ. ರೈತರು ದನಗಳನ್ನು ಎಳೆ ಪೈರಿಗೆ ಬಿಡದಿರುವುದು ಅದಕ್ಕೇ. ಮಾಗಿದ ಕಾಳಿಗೆ ಆ ಭಯವಿಲ್ಲ.) ಒಣಗಿದ ಕಸಾಬೆ ತಿಂಗಳುಗಟ್ಟಲೆ ಕೆಡುವುದಿಲ್ಲವಾದ್ದರಿಂದ ಸ್ಪೇನಿನ ನಾವಿಕರು ಹಡಗಿಗೆ ತುಂಬಿಕೊಳ್ಳುತ್ತಿದ್ದರು. ಕ್ಯೂಬಾ, ಹೈಟಿ, ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ವೆನೆಜುವೆಲಾಗಳ ಈ ಕಲೆಯನ್ನು ಯುನೆಸ್ಕೋ 2024ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ಮಾಡಿ ನೋಡಲು ಇದು ತಕ್ಕದ್ದಲ್ಲ. ಬೇಕಿದ್ದರೆ ಶ್ರೀಲಂಕಾದ ‘ಪೊಲ್ ರೊಟ್ಟಿ’ ಮಾಡಿ: ಎರಡು ಲೋಟ ಹಿಟ್ಟಿಗೆ ಒಂದು ಲೋಟ ಹಸಿ ಕೊಬ್ಬರಿ ತುರಿ, ಉಪ್ಪು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಸೇರಿಸಿ ಕಲಸಿ, ದಪ್ಪಗೆ ತಟ್ಟಿ ಹಂಚಿನ ಮೇಲೆ ಬೇಯಿಸಿದರಾಯಿತು.

ಕಸಾಬೆಗೆ ನಮ್ಮಲ್ಲಿರುವ ಜೋಡಿ ಖಡಕ್ ರೊಟ್ಟಿ. ತೇವ ಪೂರ್ತಿ ಹೋದುದರಿಂದ ಬೂಷ್ಟು ಬೆಳೆಯಲು ಆಸ್ಪದವಿಲ್ಲ. ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ. ನಾಗರಪಂಚಮಿಯ ಹಿಂದಿನ ದಿನ ‘ರೊಟ್ಟಿ ಪಂಚಮಿ’ಗೆ ಈ ಭಾಗದ ಹೆಣ್ಣುಮಕ್ಕಳು ಬಗೆಬಗೆಯ ಪಲ್ಯದೊಡನೆ ಓಣಿಯ ಮನೆಮನೆಗೆ ಬೀರುವುದು ಇಂಥ ರೊಟ್ಟಿಯನ್ನೇ. ಊರು ಬಿಟ್ಟು ಧಾರವಾಡಕ್ಕೋ ಬೆಂಗಳೂರಿಗೋ ಓದಲು ಹೋದ ಮಕ್ಕಳ ಚೀಲದಲ್ಲಿ ಶೇಂಗಾ ಹಿಂಡಿಯ ಜೊತೆ ಅದೇ ಹೋಗುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಭಾಷಣಗಳು ಬೇಕಾದಷ್ಟು ಆದವು. ಆ ಚೀಲ ಕಟ್ಟುವ ಕೈಗಳ ಮಾತು ಬಂದದ್ದು ಕಡಿಮೆ.

ಕಲಿಯುವವರ ಮೊದಲ ರೊಟ್ಟಿಗಳು ದಪ್ಪವಾಗುತ್ತವೆ, ಹರಿಯುತ್ತವೆ. ಚೆಲ್ಲಬೇಕಿಲ್ಲ. ಬಿಸಿಯಿರುವಾಗಲೇ ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ಜಜ್ಜಿ, ಶೇಂಗಾ ಎಣ್ಣೆ ಇಲ್ಲವೆ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಕಟ್ಟಿದರೆ ಮುಟಗಿ. ಚೆನ್ನಾಗಿ ಬಡಿಯಬಲ್ಲವರು ಇದಕ್ಕೆಂದೇ ಬೇಕಂತಲೇ ದಪ್ಪ ರೊಟ್ಟಿ ಬಡಿಯುತ್ತಾರೆ.