ಕೀ ಕೊಟ್ಟು ನೋಡುವ ವಿದ್ಯೆ

ಭಾನುವಾರ ಬೆಳಗ್ಗೆ ಆರೂವರೆಗೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಕಟ್ಟಡದೊಳಗೆ ಹೂವಿನ ವ್ಯಾಪಾರ ಅರ್ಧ ಮುಗಿದಿರುತ್ತದೆ. ಸೇವಂತಿಗೆ ಮೂಟೆ ಹೊತ್ತವರು "ಸೈಡು, ಸೈಡು" ಅನ್ನುತ್ತ ನುಗ್ಗುತ್ತಿರುತ್ತಾರೆ. ಆಚೆ ಬಂದು ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗಳ ಕಡೆ ನಡೆದರೆ ಇನ್ನೊಂದು ಸಂತೆ ಆಗತಾನೆ ಕಣ್ಣು ಬಿಡುತ್ತಿರುತ್ತದೆ. ಶಟರ್ ಎಳೆದ ಅಂಗಡಿಗಳ ಮುಂದೆ ಗೋಣಿ, ಟಾರ್ಪಾಲು, ಹಳೇ ಸೀರೆ ಹಾಸಿ ಜನ ಮಾಲು ಸುರಿಯುತ್ತಾರೆ. ಹಿತ್ತಾಳೆ ಬೀಗ, ಡ್ರಿಲ್ಲಿನ ಬಿಟ್ಟು, ಮುಚ್ಚಳವಿಲ್ಲದ ಮಿಕ್ಸಿ ಜಾರು, ಚಾರ್ಜರುಗಳ ಗೊಂಚಲು, ಯಾರದೋ ಮನೆಯ ಹಾರ್ಮೋನಿಯಂ. ಇದು ಸಂಡೇ ಬಜಾರ್. ಚೋರ್ ಬಜಾರ್ ಅಂತಲೂ ಅನ್ನುತ್ತಾರೆ, ಆದರೆ ಇಲ್ಲಿ ಬರುವುದರಲ್ಲಿ ಬಹುಪಾಲು ಗುಜರಿಯವರು ಮನೆಮನೆಯಿಂದ ತೂಕಕ್ಕೆ ಕೊಂಡು ತಂದ ಸಾಮಾನು. ಮನೆ ಒಡೆದು ಅಪಾರ್ಟ್‌ಮೆಂಟ್ ಕಟ್ಟುವಾಗ, ಹಿರಿಯರು ತೀರಿಕೊಂಡ ಮೇಲೆ ಅವರ ಬೀರು ಖಾಲಿ ಮಾಡುವಾಗ ಹೊರಬಿದ್ದದ್ದು.

ಈ ರಾಶಿಗಳ ನಡುವೆ ಒಂದಲ್ಲ ಒಂದು ಪ್ಲಾಸ್ಟಿಕ್ ಟ್ರೇನಲ್ಲಿ ಎಚ್‌ಎಂಟಿ ಕೈಗಡಿಯಾರಗಳು ಇದ್ದೇ ಇರುತ್ತವೆ. ಇರಲೇಬೇಕು, ಇದು ಅವುಗಳ ತವರು. 1953ರಲ್ಲಿ ಶುರುವಾದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಜಾಲಹಳ್ಳಿಯಲ್ಲಿ ಕೈಗಡಿಯಾರ ಮಾಡಲು ಕೈಹಾಕಿತು. ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಧಾರೆಗೆ ನಿಂತ ಅಳಿಯನಿಗೆ, ನಿವೃತ್ತರಾದ ಮೇಷ್ಟ್ರಿಗೆ ಎಲ್ಲರಿಗೂ ಎಚ್‌ಎಂಟಿಯೇ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲೆ ಅವುಗಳನ್ನು ಹುಡುಕಿಕೊಂಡು ಬರುವವರು ಹೆಚ್ಚಾದರು. ಹುಡುಕುವವರು ಹೆಚ್ಚಾದಂತೆ ಚೌಕಾಸಿಯೂ ಸೂಕ್ಷ್ಮವಾಯಿತು. ಆ ಚೌಕಾಸಿಯನ್ನು ಎಷ್ಟೋ ಭಾನುವಾರ ನಿಂತು ನೋಡಿದ್ದೇನೆ, ಮಾಡಿಯೂ ಇದ್ದೇನೆ. ಅದು ಬಾಯಿಯ ಕೆಲಸ ಅನ್ನುವವರು ಟ್ರೇ ಮುಂದೆ ಕುಕ್ಕರಗಾಲಲ್ಲಿ ಕೂತವರಲ್ಲ. ಅದರಲ್ಲಿ ಮುಕ್ಕಾಲು ಪಾಲು ಕಣ್ಣು, ಬೆರಳು, ಕಿವಿಯ ಕೆಲಸ.

ಮಾರುಕಟ್ಟೆಯ ಒಳಗಿನ ಚೌಕಾಸಿಯೇ ಬೇರೆ. ಹೂವಿಗೆ ಆಯುಸ್ಸು ಒಂದು ದಿನ. ಬೆಳಗಿನ ಜಾವದ ಕನಕಾಂಬರದ ಬೆಲೆ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನವಾದರೆ ಯಾರ ಮಾತಿಗೂ ಅದು ಬಗ್ಗುವುದಿಲ್ಲ. ಅಲ್ಲಿ ಜಗಳವೇನಿದ್ದರೂ ಯಾರ ಮೊಳ ಉದ್ದ, ಯಾರ ಮೊಳ ಗಿಡ್ಡ ಅನ್ನುವುದರ ಮೇಲೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಇನ್ನೊಂದು ಬಗೆ: ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ, ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುವುದಿಲ್ಲ. ಗಡಿಯಾರ ಬಾಡುವುದಿಲ್ಲ, ಮೇವು ಕೇಳುವುದಿಲ್ಲ. ಈ ವಾರ ಹೋಗದಿದ್ದರೆ ಮುಂದಿನ ವಾರ. ಹಾಗಾಗಿ ಮಾರುವವನಿಗೆ ಅವಸರವಿಲ್ಲ, ಕೊಳ್ಳುವವನು ತಾಳ್ಮೆ ಕಲಿಯಬೇಕು.

ಮೊದಲು ನೋಡಬೇಕಾದ್ದು ಡಯಲ್. ಹಳೇ ಗಡಿಯಾರಕ್ಕೆ ಹೊಸ ಬಣ್ಣ ಬಳಿದು, ಅಕ್ಷರ ಅಚ್ಚೊತ್ತಿ ಮಾರುವ ಧಂದೆ ದೊಡ್ಡದಿದೆ. ಬಲ್ಲವರು ಅದನ್ನು ರೀಡಯಲ್ ಅನ್ನುತ್ತಾರೆ. ಕಡು ಗುಲಾಬಿ, ಕಿತ್ತಳೆ ಬಣ್ಣದ ಜನತಾ ಕಂಡರೆ ಅನುಮಾನ ಪಡಲೇಬೇಕು. ಬಿಳಿಯದಾದರೆ ಕಣ್ಣಿಗೆ ಹತ್ತಿರ ಹಿಡಿಯಬೇಕು. ಅಸಲಿ ಡಯಲ್ಲಿನಲ್ಲಿ ನಿಮಿಷದ ಗೆರೆ ಗಂಟೆಯ ಕಡ್ಡಿಯ ನಡುಮಧ್ಯಕ್ಕೆ ಕೂತಿರುತ್ತದೆ, ಬಣ್ಣ ಬಳಿದದ್ದರಲ್ಲಿ ಕೂದಲೆಳೆಯಷ್ಟು ಸರಿದಿರುತ್ತದೆ. ಅಕ್ಷರ ದಪ್ಪಗಾಗಿ, ಅಂಚಿನಲ್ಲಿ ಮಸಿ ಹರಡಿದಂತಿರುತ್ತದೆ. ಅರ್ಧ ಶತಮಾನ ಕಂಡ ಡಯಲ್ಲಿಗೆ ಅಂಚಿನಲ್ಲಿ ಒಂದಿಷ್ಟು ಹಳದಿ ತಿರುಗಿದ್ದರೆ ಅದು ದೋಷವಲ್ಲ, ಸಾಕ್ಷಿ. ಮೊದಲ ಸಲ ಬಂದವರು ಫಳಫಳ ಹೊಳೆಯುವುದನ್ನು ಹೆಚ್ಚು ದುಡ್ಡು ಕೊಟ್ಟು ಒಯ್ಯುತ್ತಾರೆ. ಬಲ್ಲವರು ಮಾಸಿದ್ದನ್ನು ಎತ್ತಿಕೊಳ್ಳುತ್ತಾರೆ.

ಆಮೇಲೆ ಕೀ. ಕೀ ಕೊಡುವ ಗುಂಡಿಯನ್ನು, ಅಂದರೆ ಕ್ರೌನನ್ನು, ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಎರಡು ಮೂರು ಸುತ್ತು ಮಾತ್ರ ಕೊಡಬೇಕು. ಒಳಗೆ ಕ್ಲಿಕ್ ಬೀಳುವುದು ಬೆರಳಿಗೆ ಸಣ್ಣಗೆ, ಸಮನಾಗಿ ತಾಗಬೇಕು. ತಿರುಗಿಸಿದಷ್ಟೂ ತಿರುಗುತ್ತಲೇ ಹೋದರೆ ಒಳಗಿನ ಸ್ಪ್ರಿಂಗ್ ತುಂಡಾಗಿದೆ. ಎರಡೇ ಸುತ್ತಿಗೆ ಗಡಿಯಾರ ತಾನಾಗಿ ಓಡಲು ಹಿಡಿದರೆ ಒಳ್ಳೆಯ ಸೂಚನೆ; ಕೊಡವಿದ ಮೇಲೆ ಓಡಿದರೆ ಹಳೇ ಎಣ್ಣೆ ಅಂಟಾಗಿದೆ, ಸರ್ವಿಸಿನ ಖರ್ಚು ಲೆಕ್ಕಕ್ಕೆ ಹಿಡಿಯಬೇಕು. ನಂತರ ಕಿವಿಗೆ. ಜನತಾದೊಳಗಿನ 0231 ಯಂತ್ರಕ್ಕೆ 17 ಕಲ್ಲು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಬಜಾರಿನ ಗಲಾಟೆಯಲ್ಲೂ ಇನ್ನೊಂದು ಕಿವಿ ಮುಚ್ಚಿಕೊಂಡರೆ ಅದು ಕೇಳುತ್ತದೆ. ಕುಂಟುವ ಬಡಿತ ಒಂದೆರಡು ಸಲ ಕೇಳಿದ ಕಿವಿ ಅದನ್ನು ಮತ್ತೆ ಮರೆಯುವುದಿಲ್ಲ. ಡಯಲ್ ಮೇಲೆ ಮಾಡಿ, ಕೆಳಗೆ ಮಾಡಿ, ಕ್ರೌನನ್ನು ನೆಲದ ಕಡೆ ತಿರುಗಿಸಿ ಮೂರು ಭಂಗಿಯಲ್ಲೂ ಕೇಳಬೇಕು. ಒಂದರಲ್ಲಿ ಓಡಿ ಇನ್ನೊಂದರಲ್ಲಿ ನಿಂತರೆ ಬ್ಯಾಲೆನ್ಸ್ ಚಕ್ರದ ಅಕ್ಷದ ಸೂಜಿಮೊನೆ ಸವೆದಿರುವ ಸಂಭವ ಹೆಚ್ಚು. ಕೊನೆಗೆ ಕ್ರೌನು ಎಳೆದು ಮುಳ್ಳು ತಿರುಗಿಸಿ, ಹಿಂಬದಿ ಮುಚ್ಚಳ ತೆಗೆಯಲು ಕೇಳಬೇಕು. ನಿಯತ್ತಿನ ವ್ಯಾಪಾರಿ ಮಾತಿಲ್ಲದೆ ಚಾಕು ತೆಗೆದು ಬಿಚ್ಚಿ ತೋರಿಸುತ್ತಾನೆ.

ಇಷ್ಟಾಗುವವರೆಗೂ ಬೆಲೆಯ ಸುದ್ದಿ ಬರಬಾರದು. ನೋಡದೆ ಬೆಲೆ ಕೇಳಿದವನ ಬಾಯಲ್ಲಿ "ಕಮ್ಮಿ ಮಾಡ್ಕೊಳ್ಳಿ" ಅನ್ನುವುದನ್ನು ಬಿಟ್ಟು ಬೇರೆ ಮಾತು ಇರುವುದಿಲ್ಲ.

ಈ ವಿದ್ಯೆಯನ್ನು ಅದರ ಪೂರ್ಣ ಅಂದದಲ್ಲಿ ನಾನು ಕಂಡದ್ದು ಒಬ್ಬ ಹಿರಿಯರಲ್ಲಿ. ಅರ್ಧ ತೋಳಿನ ಬಿಳಿ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ಬಂದವರು ಟ್ರೇ ಕಡೆ ಕಣ್ಣೆತ್ತಲಿಲ್ಲ. ಮೊದಲು ಒಂದು ಸ್ಟೀಲ್ ಟೇಪು ಎತ್ತಿ ಎಳೆದು ನೋಡಿದರು, ಇಟ್ಟರು. ಒಂದು ಕ್ವಾರ್ಟ್ಜ್ ಗಡಿಯಾರ ಮುಟ್ಟಿದರು. ಮೂರನೆಯದಾಗಿ ಜನತಾ. ನಾನು ಮೇಲೆ ಹೇಳಿದ್ದನ್ನೆಲ್ಲ ಅವರು ಎರಡು ನಿಮಿಷದಲ್ಲಿ, ಒಂದು ಅಕ್ಷರ ಮಾತಾಡದೆ ಮುಗಿಸಿದರು. ಹಿಂಬದಿ ತಿರುಗಿಸಿದಾಗ ಅಲ್ಲಿ ಒಂದು ಹೆಸರು, ಕೆಳಗೆ 1984ರ ಒಂದು ತಾರೀಖು ಕೊರೆದಿತ್ತು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದರು.

"ಎಷ್ಟಪ್ಪ?"

"ಸಾವಿರದ ಇನ್ನೂರು ಸಾರ್. ಒರಿಜಿನಲ್ ಮಾಲು."

"ಡಯಲ್ ಒರಿಜಿನಲ್ಲೇ. ಬಡಿತಾನೂ ಚೆನ್ನಾಗಿದೆ," ಅಂದರು. ನನಗೆ ಆಶ್ಚರ್ಯ. ಕೊಳ್ಳಲು ಬಂದವರು ಮಾಲನ್ನು ಹೊಗಳುತ್ತಾರೆಯೇ? ಒಂದು ಗಳಿಗೆ ಬಿಟ್ಟು ಮೆಲ್ಲಗೆ, "ಕ್ರೌನು ಮಾತ್ರ ಇದರದ್ದಲ್ಲ. ಕ್ರೋಮು ಹೋಗಿ ಪಟ್ಟಿ ಸಿಕ್ಕಿಸೋ ಕಾಲಿನ ಹತ್ತಿರ ಹಿತ್ತಾಳೆ ಕಾಣ್ತಿದೆ" ಅಂದರು.

ಗಾಜಿನ ತುಂಬ ಗೀರುಗಳಿದ್ದವು. ಅದರ ಮಾತೇ ಎತ್ತಲಿಲ್ಲ. ಅದು ಅಕ್ರಿಲಿಕ್ ಗಾಜು, ಬ್ರಾಸೋ ಹಚ್ಚಿ ಬಟ್ಟೆಯಲ್ಲಿ ಹತ್ತು ನಿಮಿಷ ತಿಕ್ಕಿದರೆ ಹೋಗುವ ಗೀರು. ಸುಮ್ಮನೆ ಹೋಗುವ ದೋಷ ಎತ್ತಾಡಿದರೆ ವ್ಯಾಪಾರಿಗೆ ಗೊತ್ತಾಗುತ್ತದೆ, ಇವನಿಗೆ ಗಡಿಯಾರ ಗೊತ್ತಿಲ್ಲ ಅಂತ. ದುಡ್ಡು ಬೇಡುವ ದೋಷ ಎರಡೇ, ಎರಡನ್ನೇ ಹೇಳಿದರು. ವ್ಯಾಪಾರಿ ಗಡಿಯಾರ ತಿರುಗಿಸಿ ಕ್ರೌನು ನೋಡಿದ. "ಹೌದು ಸಾರ್, ಹಾಕ್ಸಿರೋದು," ಅಂದ. ಆ ಒಂದು 'ಹೌದು' ಬಂದ ಮೇಲೆ ಇಬ್ಬರೂ ಒಂದೇ ಗಡಿಯಾರವನ್ನು ನೋಡುತ್ತಿದ್ದರು.

"ಆರುನೂರು."

"ಬೋಣಿ ಟೈಮು ಸಾರ್, ಹಂಗನ್ಬೇಡಿ. ಒಂಬೈನೂರು ಮಾಡ್ಕೊಳ್ಳಿ."

ಹಿರಿಯರು ಸುಮ್ಮನಿದ್ದರು. ಗಡಿಯಾರವನ್ನು ಟ್ರೇಗೆ ಹಾಕಲಿಲ್ಲ, ಅಂಗೈಯಲ್ಲೇ ಇಟ್ಟುಕೊಂಡು ಸೆಕೆಂಡ್ ಮುಳ್ಳು ನೋಡುತ್ತ ನಿಂತರು. ಮೌನ ತುಂಬುವ ಕೆಲಸ ವ್ಯಾಪಾರಿಯ ಪಾಲಿಗೆ ಬಂತು. "ಅಸಲೇ ಆರುನೂರೈವತ್ತು ಬಿದ್ದಿದೆ, ದೇವ್ರಾಣೆ." ಆಗ ಅವರು ಅಂಗಿ ಜೇಬಿನಿಂದ ಏಳುನೂರೈವತ್ತು ತೆಗೆದು, ಮಡಿಕೆ ಬಿಡಿಸಿ, ನೋಟುಗಳನ್ನು ಟ್ರೇ ಅಂಚಿನ ಮೇಲೆ ಇಟ್ಟರು. ವ್ಯಾಪಾರಿ ನೋಟು ನೋಡಿದ, ಅವರ ಮುಖ ನೋಡಿದ. ಎತ್ತಿಕೊಂಡು ಎರಡೂ ಕಣ್ಣಿಗೊತ್ತಿ, ಹಾಸಿದ್ದ ಮಾಲಿನ ಮೇಲೆ ಒಂದು ಸುತ್ತು ಆಡಿಸಿ ಜೇಬಿಗಿಟ್ಟ.

ಬೋಣಿಯ ವಿಷಯ ಇಲ್ಲಿ ಹೇಳಬೇಕು. ದಿನದ ಮೊದಲ ಗಿರಾಕಿ ಬರಿಗೈಲಿ ಹೋದರೆ ದಿನವೆಲ್ಲ ಹಾಗೇ ಅನ್ನುವ ನಂಬಿಕೆ ಈ ಪೇಟೆಯಲ್ಲಿ ಆಳವಾಗಿದೆ. ಆದ್ದರಿಂದ ಬೆಳಗ್ಗೆ ಬೆಲೆ ಇಳಿಯುತ್ತದೆ. ಆದರೆ ಆ ನಂಬಿಕೆಗೆ ಇನ್ನೊಂದು ಮಗ್ಗುಲಿದೆ: ಕೊಳ್ಳುವ ಮನಸ್ಸಿಲ್ಲದವನು ಬೋಣಿ ಹೊತ್ತಲ್ಲಿ ಬೆಲೆ ಕೇಳಬಾರದು. ಹಾಗೆಯೇ, ನಾವು ಕೇಳಿದ ಬೆಲೆಗೆ ಅವನು "ತಗೊಳ್ಳಿ" ಅಂದುಬಿಟ್ಟರೆ ಗಡಿಯಾರ ನಮ್ಮದು. ಅಯ್ಯೋ ಇನ್ನೂ ಕಮ್ಮಿ ಕೇಳಬೇಕಿತ್ತು ಅಂತ ಕೈಬಿಟ್ಟು ಹೋಗುವುದು ಮಾತು ಮುರಿದಂತೆ. ಹಾಗೆ ಹೋದವನ ಮುಖ ವ್ಯಾಪಾರಿಗಳಿಗೆ ಮುಂದಿನ ವಾರಕ್ಕೂ ನೆನಪಿರುತ್ತದೆ.

ಆಮೇಲೆ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ಸಾಲಿನಾಚೆ ಬೈಟು ಕಾಫಿ ಹಿಡಿದು ನಿಂತಾಗ ಅವರನ್ನು ಕೇಳಿದೆ. ಏಳುನೂರಕ್ಕೆ ಬರುತ್ತಿರಲಿಲ್ಲವೇ? "ಬರ್ತಿತ್ತು. ಅಸಲು ಆರುನೂರೈವತ್ತು ಅಂದಿದ್ದು ನಿಜಾನೋ ಸುಳ್ಳೋ, ನಾವು ನಿಜ ಅಂತ್ಲೇ ಇಟ್ಕೋಬೇಕು. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಂದಿರ್ತಾನೆ. ನೂರು ರೂಪಾಯಿ ಉಳೀಲಿ." ಅವರು ಮೂವತ್ತು ವರ್ಷ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ದುಡಿದವರು, ಕೊಂಡದ್ದು ತಮಗೆ ಅಲ್ಲ, ಮೊಮ್ಮಗಳಿಗೆ. ಹಿಂದಿನ ಆ ಹೆಸರು ಉಜ್ಜಿಸಿ ತೆಗೆಸುತ್ತೀರಾ ಅಂದೆ. ಕೊರೆದ ಹೆಸರಿದ್ದರೆ ಸಂತೆಯಲ್ಲಿ ಬೆಲೆ ಇಳಿಯುತ್ತದೆ, ಅದನ್ನೂ ಅವರು ಚೌಕಾಸಿಗೆ ಬಳಸಿರಲಿಲ್ಲ. "ಯಾಕೆ ತೆಗೆಸ್ಲಿ? ಯಾರೋ ಪ್ರೀತಿಯಿಂದ ಕೊರೆಸಿದ್ದು," ಅಂದರು.

ಮುಂದಿನ ಭಾನುವಾರ ಅದೇ ಜಾಗದಲ್ಲಿ ಅವರು ಸಿಕ್ಕರು. ಗಡಿಯಾರ ಕಟ್ಟಿಕೊಂಡೇ ಬಂದಿದ್ದರು, ಗಾಜು ತಿಳಿಯಾಗಿತ್ತು. ದಿನಕ್ಕೆ ಒಂದೂವರೆ ನಿಮಿಷ ಹಿಂದೆ ಬೀಳುತ್ತಿದೆ, ಸರಿಹೋಗುತ್ತೆ ಅಂದರು. ವ್ಯಾಪಾರಿ ದೂರದಿಂದಲೇ ಕಂಡು, ಗೋಣಿಯ ಕೆಳಗೆ ಕೈಹಾಕಿ ಒಂದು ಬೆಂಕಿಪೊಟ್ಟಣ ತೆಗೆದ. ಒಳಗೆ ಹತ್ತಿಯ ಮೇಲೆ ಒಂದು ಹಳೇ ಕ್ರೌನು.

"ಜನತಾದ್ದೇ ಸಾರ್. ನಿಮಗೇಂತ ಎತ್ತಿಟ್ಟಿದ್ದೆ."

ಹಿರಿಯರು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ, ಹಲ್ಲುಗಳನ್ನು ಉಗುರಿನಿಂದ ಮುಟ್ಟಿ, ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತರು.

"ಎಷ್ಟಪ್ಪ?"