ಒಡೆಯುವ ಶಕ್ತಿಯೇ ತಡೆಯುವ ಶಕ್ತಿ

ಮಡಿಕೇರಿಯಿಂದ ಮೂರ್ನಾಡಿನ ಮೇಲೆ ವಿರಾಜಪೇಟೆಗೆ ಹೋಗುವ ರಸ್ತೆಯ ತಿರುವುಗಳಲ್ಲಿ, ವಾಹನಗಳು ಡಿಕ್ಕಿಯಾದ ಕಡೆ, ಕಲ್ಲುಪ್ಪಿನಂಥ ಗಾಜಿನ ಹರಳುಗಳು ಚೆಲ್ಲಿರುತ್ತವೆ. ಕಾರಿನ ಬಾಗಿಲ ಗಾಜು ಒಡೆದದ್ದೆಂದು ನೋಡಿದೊಡನೆ ತಿಳಿಯುತ್ತದೆ. ಹಳೇ ಮನೆಯ ಕಿಟಕಿ ಗಾಜು ಹೀಗೆ ಒಡೆಯುವುದಿಲ್ಲ. ಕೈ ಸೀಳುವ ಉದ್ದುದ್ದ ಚೂರುಗಳಾಗುತ್ತದೆ.

ಎರಡಕ್ಕೂ ಮರಳು, ಸೋಡಾ, ಸುಣ್ಣವೇ ಮೂಲ. ವ್ಯತ್ಯಾಸವಿರುವುದು ತಣಿಸಿದ ಬಗೆಯಲ್ಲಿ. ಕಾರಿನ ಬಾಗಿಲಿಗೆ ಹಾಕುವ ಟಫನ್ಡ್ (ಗಟ್ಟಿಗೊಳಿಸಿದ) ಗಾಜನ್ನು ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಹೊರಗೆಳೆದು, ಎರಡೂ ಮೈಗೆ ರಭಸದಿಂದ ಗಾಳಿ ಹಾಯಿಸುತ್ತಾರೆ. ಮೇಲ್ಮೈ ಕೆಲವೇ ಕ್ಷಣಗಳಲ್ಲಿ ಗಡುಸಾಗುತ್ತದೆ, ಒಡಲು ಇನ್ನೂ ಬಿಸಿಯಾಗಿರುತ್ತದೆ. ಆಮೇಲೆ ಒಡಲು ತಣಿದು ಕುಗ್ಗಲು ಹೊರಟರೆ ಗಡುಸಾದ ಮೇಲ್ಮೈ ಬಿಡುವುದಿಲ್ಲ. ಕೊನೆಗೆ ಮೇಲ್ಮೈ ಅದುಮಿಸಿಕೊಂಡೂ ಒಡಲು ಜಗ್ಗಿಸಿಕೊಂಡೂ ಉಳಿದುಬಿಡುತ್ತವೆ. ಮೇಲ್ಮೈಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 700 ಕಿಲೋ!

ಗಾಜು ಒಡೆಯುವುದು ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು ಬಾಯಿಬಿಟ್ಟಾಗ. ಇಂಗ್ಲೆಂಡಿನ ಎಂಜಿನಿಯರ್ ಎ.ಎ. ಗ್ರಿಫಿತ್ 1920ರ ದಶಕದ ಆರಂಭದಲ್ಲೇ ಇದನ್ನು ವಿವರಿಸಿದ್ದರು. ಟಫನ್ಡ್ ಗಾಜಿನಲ್ಲಿ ಆ ಗೀರುಗಳನ್ನು ಒತ್ತಡ ಮುಚ್ಚಿ ಹಿಡಿದಿರುತ್ತದೆ. ಬಾಗಿಸುವ ಬಲ ಮೊದಲು ಆ ಒತ್ತಡವನ್ನು ಗೆಲ್ಲಬೇಕು. ಅದಕ್ಕೇ ಇದು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ.

ಒತ್ತಡದ ಪದರ ಪ್ರತಿ ಬದಿಯಲ್ಲಿ ದಪ್ಪದ ಐದನೇ ಒಂದು ಭಾಗದಷ್ಟು ಮಾತ್ರ. ಐದು ಮಿಲಿಮೀಟರ್ ಗಾಜಿನಲ್ಲಿ ಒಂದೇ ಮಿಲಿಮೀಟರ್. ಬಿರುಕು ಅದನ್ನು ದಾಟಿ ಒಡಲು ಮುಟ್ಟಿತೋ, ಅಲ್ಲಿ ಕೂಡಿಟ್ಟ ಸೆಳೆತವೇ ಅದನ್ನು ಓಡಿಸುತ್ತದೆ, ಸೆಕೆಂಡಿಗೆ ಸುಮಾರು ಒಂದೂವರೆ ಕಿಲೋಮೀಟರ್ ವೇಗದಲ್ಲಿ. ಓಡುತ್ತ ಕವಲೊಡೆಯುತ್ತದೆ, ಕವಲು ಮತ್ತೆ ಕವಲೊಡೆಯುತ್ತದೆ. ಕರಗಿದ ಗಾಜನ್ನು ನೀರಿಗೆ ಬಿಟ್ಟು ಮಾಡುವ ‘ರೂಪರ್ಟ್ ಹನಿ’ಯಲ್ಲೂ ಇದೇ ಆಟ. ತಲೆಗೆ ಸುತ್ತಿಗೆ ಬಿದ್ದರೂ ತಾಳುವ ಆ ಹನಿ ಬಾಲ ಮುರಿದರೆ ಪುಡಿ. 1660ರ ದಶಕದಿಂದ ವಿಜ್ಞಾನಿಗಳನ್ನು ಕಾಡಿದ ಈ ಸ್ಫೋಟವನ್ನು 1994ರಲ್ಲಿ ಸಂಶೋಧಕರಾದ ಚಂದ್ರಶೇಖರ್ ಮತ್ತು ಚೌಧರಿ ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ಬಿರುಕು ಬಾಲದಿಂದ ತಲೆಯ ಕಡೆ ಓಡುವುದು ಅದರಲ್ಲಿ ಕಂಡಿತು.

ಟಫನ್ ಆದ ಗಾಜನ್ನು ಮತ್ತೆ ಕತ್ತರಿಸುವಂತಿಲ್ಲ, ತೂತು ಕೊರೆಯುವಂತಿಲ್ಲ. ಅಳತೆ ಕೊಟ್ಟು ಮೊದಲೇ ಮಾಡಿಸಬೇಕು. ಒಳಗೆ ನಿಕಲ್ ಸಲ್ಫೈಡಿನ ಕಣವೊಂದು ಸಿಕ್ಕಿಕೊಂಡಿದ್ದರೆ ಅದು ನಿಧಾನವಾಗಿ ಉಬ್ಬಿ, ಯಾರೂ ಮುಟ್ಟದೆ ವರ್ಷಗಳ ನಂತರವೂ ಗಾಜನ್ನು ಪುಡಿ ಮಾಡಬಲ್ಲದು. ಮಡಿಕೇರಿ ಬಳಿ ಪ್ರವಾಸಿಗರಿಗಾಗಿ ಬಂದಿರುವಂಥ ಗಾಜಿನ ಸೇತುವೆಗೆ ಒಂಟಿ ಹಲಗೆ ಸಾಲದೆಂಬುದಕ್ಕೆ ಇದೊಂದೇ ಕಾರಣ ಸಾಕು. ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಬೆಸೆದ ಲ್ಯಾಮಿನೇಟೆಡ್ ಗಾಜೇ ಅಲ್ಲಿಗೆ ತಕ್ಕದ್ದು. ಒಡೆದರೂ ಅದು ಉದುರುವುದಿಲ್ಲ.

ಕಾರಿನ ಮುಂಗಾಜೂ ನಿಯಮದಂತೆ ಲ್ಯಾಮಿನೇಟೆಡ್. ನೀರಿನಲ್ಲಿ ಸಿಕ್ಕಿಕೊಂಡಾಗ ಇದನ್ನು ನೆನಪಿಡಬೇಕು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ತರುಣಿಯೊಬ್ಬಳು ಸತ್ತಳು. ಕೊಡಗಿನ ಮಳೆಗಾಲದಲ್ಲಿ ರಸ್ತೆ ಮೇಲೆ ಹೊಳೆ ಹರಿಯುವುದು ಹೊಸದಲ್ಲ. ಹಾಗೆ ಸಿಕ್ಕಿಕೊಂಡರೆ ಮುಂಗಾಜನ್ನು ಗುದ್ದುತ್ತ ಹೊತ್ತು ಕಳೆಯಬೇಡಿ. ನೀರು ಕಿಟಕಿ ಮಟ್ಟಕ್ಕೆ ಏರುವ ಮೊದಲೇ ಪಕ್ಕದ ಗಾಜಿನ ಮೂಲೆಗೆ ಚೂಪು ಮೊನೆಯ ಸುತ್ತಿಗೆಯಿಂದ ಹೊಡೆಯಿರಿ. ನಡುವಿಗಿಂತ ಮೂಲೆ ದುರ್ಬಲ. ಈಗಿನ ಕೆಲವು ಕಾರುಗಳಲ್ಲಿ ಪಕ್ಕದ್ದೂ ಲ್ಯಾಮಿನೇಟೆಡ್ ಆಗಿರುತ್ತದೆ. ಗಾಜು ಯಾವ ಬಗೆಯದೆಂದು ತಿಳಿಸುವ, ಅದರ ಮೂಲೆಯಲ್ಲಿ ಅಚ್ಚಾದ ಗುರುತನ್ನು ಮಳೆ ಹಿಡಿಯುವ ಮೊದಲೇ ಓದಿಟ್ಟುಕೊಳ್ಳಿ, ಸುತ್ತಿಗೆಯನ್ನು ಡ್ರೈವರ್ ಕೈಗೆಟಕುವಲ್ಲಿ ಇಡಿ.